ಬೆನ್ನ ಮೇಲಿನ ಅತ್ತೆ

ಬಂಡೆ ಸೀಳಿದಂಥ ಆ ಇಕ್ಕಟ್ಟು ಕಣಿವೆಯೊಳಗೆ ಅತ್ತೆಯ ಸೊಂಟದ ಗಂಟೆ ಕೇಳಿಸಿತೆಂದರೆ ಲೀಲ್ಯಾಂಡ್ ಇದ್ದಲ್ಲೇ ಬಂಡೆಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದ. ಕಣಿವೆ ತೋರಿಸಲು ಅವನು ಕರೆತಂದ ಪ್ರವಾಸಿಗರು ಇದೇನೋ ಪ್ರಾರ್ಥನೆ ಇರಬೇಕೆಂದುಕೊಂಡು ಟೋಪಿ ತೆಗೆದು ನಿಲ್ಲುವುದೂ ಇತ್ತು. ಪ್ರಾರ್ಥನೆಯೂ ಇಲ್ಲ, ಮಣ್ಣೂ ಇಲ್ಲ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಮಂದಿಯಲ್ಲಿ ಅತ್ತೆ, ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನೋಡಿದರೆ ಕಣ್ಣು ಹೋಗುತ್ತದೆ. ಅವಳು ಬರುವುದು ಅವನಿಗೆ ಗೊತ್ತಾಗಲೆಂದೇ ಆ ಗಂಟೆ. ಈಗಿನ ಅಳಿಯಂದಿರು ಅತ್ತೆಯ ಪಕ್ಕದಲ್ಲೇ ಕೂತು ಟಿವಿ ನೋಡುತ್ತಾರೆ, ಆ ಮಾತು ಬೇರೆ. ಅವನ ಅತ್ತೆ ಗ್ಲೆನಾಬಾ ಈಗಿನವಳಲ್ಲ. ಮಗಳು ಶಾರ್ಲೀನಳ ಮದುವೆಯ ಫೋಟೋವನ್ನು ಕೂಡ ಅಳಿಯನಿದ್ದ ಜಾಗಕ್ಕೆ ಹೆಬ್ಬೆರಳು ಒತ್ತಿಕೊಂಡೇ ನೋಡಿದವಳು.

ಇದು ಜಗಳವಲ್ಲ, ಮರ್ಯಾದೆ. ಅವಳು ಏಳುವ ಮೊದಲೇ ಅವನು ಬಾಗಿಲ ಮುಂದೆ ಸೌದೆ ಒಡೆದಿಟ್ಟು ಹೋಗುತ್ತಿದ್ದ. ಅವಳು ಕುರಿಮಾಂಸದ ಸಾರು ಮಾಡಿದರೆ ಒಳ್ಳೆಯ ತುಂಡುಗಳೆಲ್ಲ ಮಗಳ ಕೈಯಲ್ಲಿ ಅವನ ಮನೆ ಸೇರುತ್ತಿದ್ದವು. ಇಷ್ಟು ವರ್ಷಗಳಲ್ಲಿ ನೇರವಾಗಿ ಒಂದು ಮಾತಿಲ್ಲ, ಆದರೂ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ.

ಕಣಿವೆಯಿದ್ದದ್ದು ಅವಳ ಕುರಿ ಮೇಯುವ ನೆಲದಲ್ಲಿ. ದಿನಾ ಪ್ರವಾಸಿಗರು ಬರುವ ಮುಂಚೆ ಒಳಗೆ ಹೋಗಿ ಏಣಿಗಳನ್ನು ಅಲ್ಲಾಡಿಸಿ ನೋಡಿ ಬರುವುದು ಅವಳ ಕೆಲಸ. ಒಮ್ಮೊಮ್ಮೆ ಹೊರಬರುವುದು ತಡವಾಗುತ್ತಿತ್ತು. ಆ ದಿನವೂ ಲೀಲ್ಯಾಂಡ್ ತನ್ನ ಗುಂಪಿಗೆ ಬಿಸಿಲುಕೋಲು ತೋರಿಸುತ್ತಿದ್ದಾಗ ತಿರುವಿನಾಚೆ ಗಂಟೆ ಕೇಳಿಸಿತು. ಅವನು ಗೋಡೆಗೆ ತಿರುಗಿ ಕಾದ. ಗಂಟೆ ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಒಂದೇ ಕಡೆ ಬಡಿದುಕೊಳ್ಳುತ್ತಿತ್ತು.

"ಟೀಚರಮ್ಮ, ಸ್ವಲ್ಪ ಇಣುಕಿ ನೋಡ್ತೀರಾ?" ಎಂದ. ಓಹಿಯೋದಿಂದ ಬಂದಿದ್ದ ಟೀಚರ್ ಬರ್ನಿಸ್ ಎಲ್ಲರಿಗಿಂತ ಮುಂದಿದ್ದಳು.

ಬರ್ನಿಸ್ ಇಣುಕಿ, ಮಾತಾಡಿಸಿ ಬಂದಳು. "ಒಬ್ಬ ಅಜ್ಜಿ ಏಣಿ ಕೆಳಗೆ ಬಿದ್ದಿದ್ದಾರೆ. ಕಾಲು ಊದಿದೆ. ನೀವು ಬರಬಾರದಂತೆ. ಮೇಲಿನ ಗುಡ್ಡದಲ್ಲಿ ಮಳೆ ಬಿದ್ದಿದೆಯಂತೆ, ಎಲ್ಲರನ್ನೂ ಕರ್ಕೊಂಡು ಓಡಬೇಕಂತೆ."

ಗಾಳಿಯಲ್ಲಿ ಆಗಲೇ ಹಸಿಮಣ್ಣಿನ ವಾಸನೆಯಿತ್ತು. ಇಲ್ಲಿ ಹನಿ ಬೀಳದಿದ್ದರೂ ಗುಡ್ಡದ ನೀರು ಈ ಸೀಳಿಗೆ ನುಗ್ಗಿದರೆ ಕುರಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ. ಕಣಿವೆಯ ಬಾಯಿ ಹಿಂದೆಯೇ ಇತ್ತು. ಲೀಲ್ಯಾಂಡ್ ಉಳಿದವರನ್ನೆಲ್ಲ ಹೊರಗಟ್ಟಿದ. ಬರ್ನಿಸ್ ಹೋಗಲೊಲ್ಲಳು.

"ಹಾಗಾದ್ರೆ ಅವರಿಗೆ ಹೇಳಿ, ನಾನು ಬರ್ತಿದೀನಿ," ಎಂದ ಲೀಲ್ಯಾಂಡ್.

ತಿರುವಿನಾಚೆಯ ಉತ್ತರ ಬರ್ನಿಸ್ ಹೇಳುವವರೆಗೂ ಕಾಯಲಿಲ್ಲ. ಗ್ಲೆನಾಬಾಗೆ ಬೈಯುವಷ್ಟು ಇಂಗ್ಲಿಷ್ ಧಾರಾಳವಾಗಿ ಬರುತ್ತಿತ್ತು. "ಅವನಿಗೆ ಹೇಳಮ್ಮ, ನನ್ನ ಮಗಳು ಕುರುಡನ್ನ ಕಟ್ಕೊಂಡು ಬಾಳೋಕಾಗಲ್ಲ! ನಾನು ಮುದುಕಿ, ಹೋದ್ರೆ ಹೋಗ್ತೀನಿ!"

"ಅವರನ್ನ ಬಿಟ್ಟು ಮನೆಗೆ ಹೋದ್ರೆ ಶಾರ್ಲೀನ್ ನನ್ನ ಎರಡೂ ಕಣ್ಣು ಕಿತ್ತಿಡ್ತಾಳೆ ಅಂತ ಹೇಳಿ. ಹೇಗಿದ್ರೂ ಹೋಗೋ ಕಣ್ಣು."

ಹಾಗೆಂದವನೇ ಲೀಲ್ಯಾಂಡ್ ಹಿಂದು ಹಿಂದಕ್ಕೆ ನಡೆಯತೊಡಗಿದ. ಎರಡೂ ಕೈಯಿಂದ ಗೋಡೆ ಸವರುತ್ತಾ, ಪ್ರತಿ ಉಬ್ಬು ತಗ್ಗನ್ನೂ ಅಂಗೈಯಲ್ಲೇ ಗುರುತು ಹಿಡಿಯುತ್ತಾ ತಿರುವು ದಾಟಿದ. ಬರ್ನಿಸ್ "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದಳು. ಹಿಮ್ಮಡಿಗೆ ಅತ್ತೆಯ ಪಾವಡೆಯ ಅಂಚು ತಾಗಿತು. ಅವನು ಹಾಗೇ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟ.

ದೂರದಲ್ಲೆಲ್ಲೋ ಗುಡುಗುಡು ಸದ್ದು. ಆಮೇಲೆ ಗ್ಲೆನಾಬಾ ಶಾಲನ್ನು ಮುಖದ ಮೇಲೆ ಎಳೆದುಕೊಂಡು, ಅವನ ಕುತ್ತಿಗೆಗೆ ತೋಳು ಹಾಕಿದಳು.

ಆ ಇಕ್ಕಟ್ಟಿನಲ್ಲಿ ಅಡ್ಡಡ್ಡ ತಿರುಗಿ, ಭುಜ ತರಚಿಸಿಕೊಂಡು ಅವನು ನಡೆದ. ಹೆಜ್ಜೆ ಹೆಜ್ಜೆಗೂ ಗಂಟೆ ಅವನ ಬೆನ್ನಿಗೆ ಬಡಿಯುತ್ತಿತ್ತು. ಶಾಲಿನೊಳಗಿನಿಂದ ಗೊಣಗಾಟ ಕೇಳುತ್ತಲೇ ಇತ್ತು. ಮಾತೆಲ್ಲ ಗೋಡೆಯ ಜೊತೆ, ಅಳಿಯನ ಜೊತೆ ಅಲ್ಲವೇ ಅಲ್ಲ.

"ಅಬ್ಬಾ, ಬರೀ ಮೂಳೆ ಈ ಹುಡುಗ. ಸಾರೆಲ್ಲ ಎಲ್ಲಿಗೆ ಹೋಗತ್ತೋ."

ಲೀಲ್ಯಾಂಡ್ ಕಾಲಡಿಯ ಮರಳಿಗೆ ಹೇಳಿದ: "ಸಾರು ಚೆನ್ನಾಗಿರತ್ತೆ. ಉಪ್ಪೊಂದು ಸ್ವಲ್ಪ ಕಮ್ಮಿ."

ಗೊಣಗಾಟ ನಿಂತಿತು. ಅವನ ಬೆನ್ನು ಕುಲುಕಿತು. ಅತ್ತೆ ನಗುತ್ತಿದ್ದಾಳೆಂದು ತಿಳಿಯಲು ಅವನು ತಿರುಗಿ ನೋಡಬೇಕಾಗಿರಲಿಲ್ಲ.

ಕಣಿವೆಯ ಬಾಯಿಂದ ಮೇಲೆ ಹತ್ತಿ, ಪ್ರವಾಸಿಗರು ನದಿ ನೋಡಲು ನಿಲ್ಲುವ ಹಾಸುಬಂಡೆಯ ಮೇಲೆ ಅವಳನ್ನು ಇಳಿಸುವಷ್ಟರಲ್ಲಿ ನೀರು ಬಂತು. ಕೆಂಪು ನೀರು ಕಟ್ಟಿಗೆ, ಕಲ್ಲು, ಅವಳು ಬೆಳಿಗ್ಗೆ ಅಲ್ಲಾಡಿಸಿ ನೋಡಿದ್ದ ಏಣಿ ಎಲ್ಲವನ್ನೂ ಹೊತ್ತು ತಂದು ಕೆಳಗಿನ ಹಸಿರು ನದಿಗೆ ಸುರಿಯಿತು.

ಗ್ಲೆನಾಬಾ ನದಿಯ ಕಡೆ ಮುಖ ಮಾಡಿ ಕೂತಿದ್ದಳು. ಲೀಲ್ಯಾಂಡ್ ಅವಳಿಗೆ ಬೆನ್ನು ಹಾಕಿ, ಮರುಭೂಮಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಬೆನ್ನಿಗೆ ಅವಳ ಬೆನ್ನು ತಾಗಿಕೊಂಡೇ ಇತ್ತು, ಇಬ್ಬರೂ ಸರಿಯಲಿಲ್ಲ.

"ಟೀಚರಮ್ಮ," ಎಂದಳು ಗ್ಲೆನಾಬಾ ಮೆಲ್ಲಗೆ, ಶಾಲು ಸರಿಸಿ. "ನೋಡೋಕೆ ಹೇಗಿದಾನೆ ನನ್ನ ಅಳಿಯ?"

ಬರ್ನಿಸ್ ಅವನ ಮುಂದೆ ಹೋಗಿ ನಿಂತು ನೋಡಿದಳು. "ಮೂಗು ಸ್ವಲ್ಪ ದೊಡ್ಡದು. ಹುಬ್ಬಿನ ಮೇಲೊಂದು ಗಾಯದ ಗುರುತಿದೆ. ಮುಖ ಒಳ್ಳೆಯದು." ಹೇಳಲೋ ಬೇಡವೋ ಎಂದು ತಡೆದಳು. "ಈಗ ಅಳ್ತಾ ಇದ್ದಾರೆ."

ಗ್ಲೆನಾಬಾ ಕೈ ಹಿಂದಕ್ಕೆ ಚಾಚಿ, ತಡಕಾಡಿ, ಅವನ ಅಂಗೈ ಹಿಡಿದುಕೊಂಡಳು.

"ಸದ್ಯ," ಎಂದಳು. "ಕಣ್ಣು ನೆಟ್ಟಗಿದೆ."