ಮಂಗಳದ ಟ್ಯಾಂಕರಿಗೆ ಖಂಡೇನವಮಿ

ಕಾಂಚನ ಕೆಲಸ ಮಾಡುವುದು ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯಂ ಅಂಗಡಿಯಲ್ಲಿ. ಟ್ರಕ್ಕು, ಟೆಂಪೋಗಳಿಗೆ ಹೊಳೆಯುವ ಅಕ್ಷರ ಕತ್ತರಿಸಿ ಅಂಟಿಸುವುದು, ನಂಬರ್ ಪ್ಲೇಟ್ ಮಾಡಿಕೊಡುವುದು ಅವಳ ಹೊಟ್ಟೆಪಾಡು. ಹೆಣ್ಣುಮಗಳೊಬ್ಬಳು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವುದನ್ನು ನೋಡಿ ಮೂಗು ಮುರಿದ ಡ್ರೈವರುಗಳೇ ಈಗ ಅವಳು ಊಟಕ್ಕೆ ಹೋಗಿದ್ದರೆ ಎರಡು ಚಹಾ ಕುಡಿದು ಕಾಯುತ್ತಾರೆ. ಬೇರೆಯವರು ಅಂಟಿಸಿದ್ದು ಮೊದಲ ಮಳೆಗೇ ಏಳುತ್ತದೆ ಎಂದು ಅವರಿಗೆ ಗೊತ್ತು.

ಅಂಗಡಿಯಲ್ಲಿ ಉಳಿದ ತುಂಡುಗಳಿಂದ ಅವಳು ಮನೆಯಲ್ಲಿ ಪುಟ್ಟ ಗಾಡಿ ಕಟ್ಟುತ್ತಾಳೆ. ರಸ್ತೆಯ ಮೇಲಿರುವ ಗಾಡಿಗಳಲ್ಲ, ಇನ್ನೂ ಹುಟ್ಟದ ಗಾಡಿಗಳು. ಈ ಸಲದ್ದು ಮಂಗಳ ಗ್ರಹದ ಮೇಲೆ ನೀರು ಸಾಗಿಸುವ ಎಂಟು ಗಾಲಿಯ ಟ್ಯಾಂಕರ್. ನಿಜದ ಅಳತೆಯ ಮೂವತ್ತೈದರಲ್ಲಿ ಒಂದು ಪಾಲು, ಅಂದರೆ ಡ್ರೈವರ್ ಹೆಬ್ಬೆರಳಿಗಿಂತ ಗಿಡ್ಡ. ಪೆಟ್ಟಿಗೆಯಲ್ಲಿ ಬರುವ ಕಿಟ್ ತಂದು ಜೋಡಿಸಿದ್ದಲ್ಲ ಇದು. ನೀರಿನ ಪೈಪಿನ ತುಂಡು ಟ್ಯಾಂಕ್ ಆಯಿತು, ಔಷಧಿ ಬಾಟಲಿಯ ಮುಚ್ಚಳಗಳಿಗೆ ಸೈಕಲ್ ಟ್ಯೂಬು ಸುತ್ತಿ ಗಾಲಿ ಆದವು, ಮುಗಿದ ಪೆನ್ನಿನ ರಿಫಿಲ್ಲುಗಳು ಕೊಳವೆಯಾದವು. ಟ್ಯಾಂಕಿನ ಮೇಲಿನ ಮುನ್ನೂರು ರಿವೆಟ್ಟುಗಳನ್ನು ಇಂಜೆಕ್ಷನ್ ಸೂಜಿಯಿಂದ ಒಂದೊಂದೇ ಅಂಟಿನ ಹನಿ ಇಟ್ಟು ಮಾಡಿದಳು.

ಇಷ್ಟೆಲ್ಲ ಹಟ ಯಾಕೆಂದರೆ, ಹೋದ ವರ್ಷದ ಅವಮಾನ ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಸೊಲ್ಲಾಪುರದಲ್ಲಿ ದಸರೆ ಮುಗಿದ ರವಿವಾರ ಮಾಡೆಲ್ ಗಾಡಿಗಳ ಪ್ರದರ್ಶನ ಆಗುತ್ತದೆ. ಅದನ್ನು ನಡೆಸುವವನು ಯೋಗಿರಾಜ, ಚಾದರ ವ್ಯಾಪಾರಿಗಳ ಮನೆತನದವನು, ವಿದೇಶದಿಂದ ಕಿಟ್ ತರಿಸಿ ಜೋಡಿಸುವ ಶೋಕಿ ಉಳ್ಳವನು. ಹೋದ ವರ್ಷ ಅವಳು ಒಯ್ದ ಗಾಡಿಯನ್ನು ನೋಡಿ ಆತ ಮೊದಲು ಕೇಳಿದ್ದು, “ಯಾರ ಮಾಡಿಕೊಟ್ರು?” ಎಂದು. ಆಮೇಲೆ ಅದನ್ನು ದೊಡ್ಡ ಟೇಬಲ್ಲಿನಿಂದ ಎತ್ತಿಸಿ, ಹೆಣ್ಣುಮಕ್ಕಳ ಹಸ್ತಕಲೆ ಎಂದು ಬರೆದ ಮೂಲೆಯ ಟೇಬಲ್ಲಿಗೆ, ಉಣ್ಣೆಯ ತೋರಣದ ಪಕ್ಕಕ್ಕೆ ಇಡಿಸಿದ. ಅಲ್ಲೊಬ್ಬ ಹೆಂಗಸು ಬೇರೆ, “ಮದಿವ್ಯಾಗ ರುಖವತಕ್ಕ ಇಡಾಕ ಛಂದ ಅದ ನೋಡ್ರಿ” ಎಂದು ಮೆಚ್ಚಿದಳು. ಮದುವೆಯ ಮಂಟಪದಲ್ಲಿ ಹೆಣ್ಣಿನ ಕಡೆಯವರು ಸಾಲಾಗಿ ಜೋಡಿಸುವ ಬೆಡಗಿನ ಸಾಮಾನಿಗೆ ತನ್ನ ಗಾಡಿ ಸಮ ಆಯಿತಲ್ಲ ಎಂದು ಕಾಂಚನ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಬಂದಳು. ಈ ವರ್ಷ ಟ್ಯಾಂಕರ್ ದೊಡ್ಡ ಟೇಬಲ್ಲಿನ ಮೇಲೆ ನಿಲ್ಲಬೇಕು, ಅಷ್ಟೇ. ಬಹುಮಾನ ಯಾರಿಗಾದರೂ ಹೋಗಲಿ.

ದುಡಿದ ಗಾಡಿಗೆ ದುಡಿದ ಗುರುತು ಬೇಕು, ಇದು ಬಂಪರುಗಳ ಮುಂದೆ ಕೂತು ಅವಳು ಕಲಿತ ವಿದ್ಯೆ. ಮೊದಲು ತುಕ್ಕಿನ ಬಣ್ಣ ಬಳಿದು, ಒದ್ದೆ ಮಾಡಿ ಅಡಿಗೆಯ ಉಪ್ಪು ಉದುರಿಸಿದಳು. ಮೇಲೆ ಹಳದಿ ಹೊಡೆದು, ಒಣಗಿದ ಮೇಲೆ ಉಪ್ಪು ಉಜ್ಜಿ ತೆಗೆದಳು. ಉಪ್ಪು ಕೂತಲ್ಲೆಲ್ಲ ಬಣ್ಣ ಕಿತ್ತು ತುಕ್ಕು ಇಣುಕಿತು. ಅದರ ಮೇಲೆ ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣು ಕಲಸಿ ಮಂಗಳದ ಧೂಳು ಹಚ್ಚಿದಳು. ಬರೀ ಧೂಳಿಗೇ ಇಪ್ಪತ್ತು ದಿನ ಹಿಡಿಯಿತು. ಆ ಧೂಳು ನಿಲ್ಲಬೇಕೆಂದರೆ ಮೇಲೊಂದು ವಾರ್ನಿಶ್ ಸ್ಪ್ರೇ ಆಗಬೇಕು, ಅದಕ್ಕೆ ಅಂಗಡಿಯ ಕಂಪ್ರೆಸರ್ ಬೇಕು. ಅಂಗಡಿಯ ಮಾಲಕ ನಾಗಣ್ಣ ಆಗಲೇ ಅದಕ್ಕೆ ಚೆಂಡುಹೂವು ಕಟ್ಟಿಬಿಟ್ಟಿದ್ದ. “ನಾಳಿ ಖಂಡೇನವಮಿ. ಇದಕ್ಕೂ ಸೂಟಿ ಬೇಕಲ್ಲವಾ” ಎಂದ. ಎರಡು ದಿನ ತಾನೆ ಎಂದು ಅವಳೂ ಸುಮ್ಮನಾದಳು.

ಖಂಡೇನವಮಿಯ ದಿನ ಅಂಗಡಿಯ ಆಯುಧಪೂಜೆ ಮುಗಿಸಿಕೊಂಡು ಮಧ್ಯಾಹ್ನ ಮನೆಗೆ ಬಂದಾಗ ಅಂಗಳದಲ್ಲಿ ಎಲ್ಲವೂ ಸಾಲಾಗಿ ನಿಂತಿದ್ದವು. ಸ್ಕೂಟಿ, ಹೊಲಿಗೆ ಮಷೀನು, ಕುಡುಗೋಲು, ಮಿಕ್ಸರ್. ಸಾಲಿನ ಕೊನೆಗೆ ಟ್ಯಾಂಕರ್. ಸಾಬೂನಿನ ಪುಡಿ ಹಾಕಿ ಬ್ರಷ್ಷಿನಿಂದ ತಿಕ್ಕಿ, ಪಳಪಳ ತೊಳೆದು, ಟ್ಯಾಂಕಿಗೂ ಹೊಟ್ಟೆಯಡಿಗೂ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಇಡೀ ಚೆಂಡುಹೂವೊಂದನ್ನು ಮೇಲೆ ಕೂರಿಸಿದ್ದಳು ಅವಳ ಅವ್ವ ಮಲಕಮ್ಮ. ಕಾಂಚನ ಚೆಂಡುಹೂವು ಎತ್ತಿ ನೋಡಿದಳು.

“ಅವ್ವಾ, ಇದನ್ನ ಯಾಕ ತೊಳದಿ?”

“ಹೊಲಸಾಗಿತ್ತು, ತೊಳದೀನಿ. ಇವತ್ತಿನ ದಿನ ಹೊಲಸ ಗಾಡಿ ಮನ್ಯಾಗ ಇಟ್ಕೋತಾರೇನ?”

“ಅದು ಮುದ್ದಾಮ್ ಹಚ್ಚಿದ ಹೊಲಸು. ಇಪ್ಪತ್ತ ದಿನ ಕುಂತ ಹಚ್ಚೀನಿ.”

ಮಲಕಮ್ಮ ಮಗಳ ಮುಖ ನೋಡಿದಳು. “ಇಪ್ಪತ್ತ ದಿನ ಕುಂತು ಹೊಲಸು ಹಚ್ಚೀದಿ?” ಎಂದು ಕೇಳಿದಳು. ಕೇಳಿದ ಮೇಲೆ ತಾನೇನು ಮಾಡಿದೆ ಎಂದು ತಿಳಿದು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಾಂಚನ ಸಿಟ್ಟಿಗೆ ಅತ್ತಳು. ಆ ದಿನ ಮನೆಯಲ್ಲಿ ಹೋಳಿಗೆ ಹಾಗೇ ಉಳಿದವು.

ದಸರೆಯ ಮುಂಜಾನೆ ಮಲಕಮ್ಮ ಚಹಾ ಇಟ್ಟು, ಹೆದರುತ್ತಲೇ ಬಾಯಿ ತೆರೆದಳು.

“ಒಂದ ಮಾತ ಕೇಳ್ತೀನಿ. ಅದರಾಗ ಡ್ರಾಯವರ್ ಅದಾನಿಲ್ಲ?”

“ಅದಾನ.”

“ಯಾವೂರಾಂವ?”

ನಾಲ್ಕು ತಿಂಗಳು ಕಟ್ಟಿದ ಕಾಂಚನಳಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. “ದುಧನಿಯಾಂವ ಅನ್ನು” ಎಂದಳು, ಬಾಯಿಗೆ ಬಂದ ಪಕ್ಕದ ಊರಿನ ಹೆಸರು ಹೇಳಿ, ಬೇಜಾರಿನಿಂದಲೇ.

“ದುಧನಿಯಾಂವ ಇದ್ರ, ಎಲ್ಲಿ ಹೋದ್ರೂ ಖಂಡೇನವಮಿಗಿ ಗಾಡಿ ತೊಳಿಲಾರದ ಬಿಡತಾನೇನ?”

ಕಾಂಚನ ಚಹಾ ಅಲ್ಲೇ ಬಿಟ್ಟು ಎದ್ದು ಟ್ಯಾಂಕರನ್ನು ಕಿಟಕಿಗೆ ಒಯ್ದಳು. ಭೂತಗನ್ನಡಿ ಹಿಡಿದು ನೋಡಿದಳು. ಬಣ್ಣದ ಕೆಳಗಿನ ತುಕ್ಕು ಹಾಗೇ ಇತ್ತು. ಬ್ರಷ್ಷು ಮುಟ್ಟಿದಲ್ಲಿ ಧೂಳು ಹೋಗಿತ್ತು, ಮುಟ್ಟದ ಕಡೆ, ಏಣಿಯ ಹಿಂದೆ, ರಿವೆಟ್ಟುಗಳ ಬುಡದಲ್ಲಿ, ಗಾಲಿಯ ಒಳಮೈಯಲ್ಲಿ ಕೆಂಪಗೆ ಕೂತೇ ಇತ್ತು. ನಿನ್ನೆ ಪೂಜೆಗೆ ತೊಳೆಸಿಕೊಂಡು ಈ ಮುಂಜಾನೆ ಬಸ್‌ಸ್ಟ್ಯಾಂಡಿನ ಸುತ್ತ ನಿಂತ ಪ್ರತಿ ಟ್ರಕ್ಕೂ ಹೀಗೇ ಕಾಣುತ್ತಿರುತ್ತದೆ. ಇಂಥ ಧೂಳನ್ನು ತಾನು ಇನ್ನೂ ಇಪ್ಪತ್ತು ದಿನ ಕೂತರೂ ಹಚ್ಚಲು ಬರುತ್ತಿರಲಿಲ್ಲ ಎಂದು ಅವಳು ಒಪ್ಪಲೇಬೇಕಾಯಿತು.

ತಪ್ಪಿದ್ದದ್ದು ಅಳತೆ ಮಾತ್ರ. ಅವ್ವನ ಬೆರಳು ಆ ಡ್ರೈವರನ ಪಾಲಿಗೆ ಬಾಗಿಲಿನಷ್ಟು ಅಗಲ. ಟ್ಯಾಂಕಿನ ಮೇಲಿನ ವಿಭೂತಿ ಕುಂಕುಮ ಒರೆಸಿ, ಮೂರು ಕೂದಲಿನ ಬ್ರಷ್ಷಿನಿಂದ ಆ ಡ್ರೈವರನ ಬೆರಳು ಎಳೆಯಬಹುದಾದಷ್ಟೇ ಸಣ್ಣ ವಿಭೂತಿಯ ಗೆರೆ ಎಳೆದು, ನಡುವೆ ಕುಂಕುಮದ ಚುಕ್ಕೆ ಇಟ್ಟಳು. ಹಳದಿ ದಾರದ ಎಳೆಯಿಂದ ಹಾರ ಮಾಡಿ ಮುಂದೆ ಕಟ್ಟಿದಳು. ನಾಲ್ಕು ಸಾಸಿವೆ ಕಾಳಿಗೆ ನಿಂಬೆಹಣ್ಣಿನ ಬಣ್ಣ ಹಚ್ಚಿ, ಗಾಲಿಯ ಕೆಳಗೆ ಇಟ್ಟು ಜಜ್ಜಿ ಅಂಟಿಸಿದಳು. ಹೊಟ್ಟೆಯಡಿಯ ವಿಭೂತಿ ಮಾತ್ರ ಅವ್ವನದ್ದೇ, ಅದನ್ನು ಮುಟ್ಟಲಿಲ್ಲ. ಮರುದಿನ, ವಿಭೂತಿ ಕುಂಕುಮ ಮಾಸದಂತೆ ಅಷ್ಟು ಜಾಗ ಮರೆಮಾಡಿ, ನಾಗಣ್ಣನ ಕಂಪ್ರೆಸರಿನಿಂದ ವಾರ್ನಿಶ್ ಹೊಡೆದಳು.

ರವಿವಾರ ಸೊಲ್ಲಾಪುರದ ಬಸ್ಸಿನಲ್ಲಿ ಮಲಕಮ್ಮನೂ ಹೊರಟಳು. ದಾರಿಯುದ್ದಕ್ಕೂ ಒಂದೇ ಜಪ. “ಅಲ್ಲಿ ಯಾರರ ಏನರ ಅಂದ್ರ ಆ ವಿಭೂತಿ ಕುಂಕುಮ ನನ್ನ ಸೆರಗಿಲೇ ಒರಸ್ತೀನಿ. ತಪ್ಪ ನಂದು, ಮಾತ ನಿನಗ ಯಾಕ.” ಕಾಂಚನ ತೊಡೆಯ ಮೇಲಿನ ಪೆಟ್ಟಿಗೆ ಗಟ್ಟಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಪ್ರದರ್ಶನದ ಹಾಲ್ ಬಾಗಿಲಲ್ಲಿ ಸ್ಪರ್ಧೆಯ ನಂಬರ್ ಚೀಟಿ ಪಡೆದು, ಯಾರನ್ನೂ ಕೇಳದೆ ಅವಳು ಟ್ಯಾಂಕರನ್ನು ದೊಡ್ಡ ಟೇಬಲ್ಲಿನ ನಡುವೆಯೇ ಇಟ್ಟಳು. ಯೋಗಿರಾಜ ಬಂದ. ಎತ್ತಿ, ಕಿಟ್ ಕಂಪನಿಯ ಗುರುತು ಹುಡುಕಲು ಬುಡ ಮೇಲು ಮಾಡಿದ. ಅಲ್ಲಿ ಮೂರು ಬೆರಳಿನ ವಿಭೂತಿ ಕಂಡು ಮೆಲ್ಲಗೆ ಕೆಳಗಿಟ್ಟ.

“ಕೆಲಸ ಛಲೋ ಅದ. ಸುಳ್ಳ ಯಾಕ ಹೇಳಲಿ. ಆದ್ರ ಇದು ಎರಡನೂರ ವರ್ಷ ಮುಂದಿನ ಗಾಡಿ. ಮಂಗಳದ ಮ್ಯಾಲ ನಿಂಬಿಹಣ್ಣು ಎಲ್ಲಿಂದ ಬರ್ತದ?”

“ನೀರೇ ಒಯ್ಯಾಕತ್ತೀವಿ ಸರ್. ಒಂದ ನಿಂಬಿಗಿಡ ಹಚ್ಚಂಗಿಲ್ಲೇನ್ರಿ?”

ಸುತ್ತ ನಿಂತವರಲ್ಲಿ ಇಬ್ಬರು ನಕ್ಕರು. ಯೋಗಿರಾಜನಿಗೆ ಅದು ಹಿಡಿಸಲಿಲ್ಲ. “ಈ ಕುಂಕುಮ, ಹಾರ ತಗೀರಿ, ಇಲ್ಲೇ ಇರಲಿ. ಇಲ್ಲಂದ್ರ ಹಸ್ತಕಲಾದ ಟೇಬಲ್ಲಿಗಿ ಒಯ್ರಿ” ಎಂದ.

“ಹೊರಗ ನಿಂತದಲ್ರಿ, ಆ ಕರೆಂಟಿನ ಹೊಸ ಕಾರು, ಅದು ನಿಮ್ಮದೇ ಹೌದಲ್ರಿ? ಅದಕ್ಕ ಹಚ್ಚಿದ ಕುಂಕುಮ ನೀವು ಮೊದಲ ಒರಸ್ರಿ. ಆಮ್ಯಾಲ ನಂದು ಒರಸ್ತೀನಿ.”

“ನನ್ನ ಕಾರ ಸ್ಪರ್ಧಾದಾಗ ಇಲ್ಲ.”

ಕಾಂಚನ ಟ್ಯಾಂಕರಿನ ಮುಂದಿದ್ದ ಸ್ಪರ್ಧೆಯ ನಂಬರ್ ಚೀಟಿ ಎತ್ತಿ ಅವನ ಕೈಗಿಟ್ಟಳು. “ಹಂಗಾರ ಇದೂ ಇಲ್ಲ. ನಂಬರ್ ನೀವ ಇಟ್ಕೋರಿ. ಗಾಡಿ ಮಾತ್ರ ಇಲ್ಲೇ ಇರ್ತದ.” 

ಇವಳು ಜಪ್ಪಯ್ಯ ಅಂದರೂ ಅಲ್ಲಾಡುವವಳಲ್ಲ ಎಂದು ತಿಳಿದು ಯೋಗಿರಾಜ ಮಲಕಮ್ಮನ ಕಡೆ ತಿರುಗಿದ. “ಮಾವಶಿ, ನೀವರ ತಿಳಿಸಿ ಹೇಳ್ರಿ. ಒಂದ ಒದ್ದಿ ಅರಬಿಲೇ ಒರಸಿದ್ರ ಮುಗೀತು.”

ಮಲಕಮ್ಮ ಮುಂದೆ ಬಂದಳು. ಸೆರಗಿನ ತುದಿ ಕೈಯಲ್ಲೇ ಇತ್ತು. ಕಾಂಚನಳಿಗೆ ಬಸ್ಸಿನ ಮಾತು ನೆನಪಾಯಿತು. ಮಲಕಮ್ಮ ಬಗ್ಗಿ ಸಾಸಿವೆಯ ನಿಂಬೆಹಣ್ಣುಗಳನ್ನು ಒಂದೊಂದಾಗಿ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ನಾ ಒಮ್ಮಿ ಕೇಳಲಾರದ ತೊಳದೀನ್ರಿ ಸಾಹೇಬ. ನನ್ನ ಮಗಳ ಇಪ್ಪತ್ತ ದಿನ ಹೋತು. ಇನ್ನೊಮ್ಮಿ ನಾನೂ ಮುಟ್ಟಂಗಿಲ್ಲ, ಮಂದಿಗೂ ಮುಟ್ಟಗೊಡಂಗಿಲ್ಲ.”

ಅಷ್ಟು ಹೇಳಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ದೊಡ್ಡ ಟೇಬಲ್ಲಿಗೆ ಬೆನ್ನು ಕೊಟ್ಟು ಕೂತಳು. ಸಂಜೆ ಹಾಲ್ ಮುಚ್ಚುವ ತನಕ ಏಳಲಿಲ್ಲ.