ಹಿಂದಿನ ಸೀಟು

ಬೆವರು ಈಗ ಅಂಗೈಯಗಲ ಆಗಿದೆ, ಇವರ ಎರಡು ಭುಜಗಳ ನಡುವೆ, ನೀಲಿ ಅಂಗಿ ಅಲ್ಲಿ ಮಾತ್ರ ಕಪ್ಪಾಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಸೊಂಟದವರೆಗೂ ಇಳಿಯುತ್ತದೆ, ಈ ಜೋಡಿ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತವಳಿಗೆ ನೋಡಲು ಸಿಗುವುದು ಇಷ್ಟೇ, ಗಂಡನ ಬೆನ್ನು— ಪಕ್ಕಕ್ಕೆ ತಿರುಗಿದರೆ ಎಡಕ್ಕೆ ಹೊಳೆ, ಬಲಕ್ಕೆ ಜೋಳದ ಹೊಲ, ಮುಂದೆ ಬರುವುದೆಲ್ಲ ಬೆನ್ನು. ಕೈಗೆ ಒಂದು ಹ್ಯಾಂಡಲ್ ಇದೆ, ತಿರುಗುವುದಿಲ್ಲ, ಸುಮ್ಮನೆ ಹಿಡಿದುಕೊಂಡಿರಲಿ ಎಂದು ಕೊಟ್ಟದ್ದು, ಬ್ರೇಕ್ ಇಲ್ಲ, ಪೆಡಲ್ ಇದೆ, ಅದೂ ಇವರ ಪೆಡಲಿಗೆ ಚೈನಿನಿಂದ ಕಟ್ಟಿದ್ದು, ಇವರು ತುಳಿದರೆ ನನ್ನ ಕಾಲೂ ಸುತ್ತಲೇಬೇಕು. ಎರಡು ಹಳೆಯ ಸೈಕಲ್ ಕತ್ತರಿಸಿ ಇವರೇ ಬೆಸುಗೆ ಹಾಕಿ ಮಾಡಿದ ಗಾಡಿ, ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ನಾನು ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಟಾರ್ಚ್ ಹಿಡಿದಿದ್ದೆ, ಈಗ ಅವಳೇ ಅದಕ್ಕೆ ಉದ್ದಪ್ಪ ಅಂತ ಹೆಸರಿಟ್ಟಿದ್ದಾಳೆ, ಉದ್ದಪ್ಪನಿಗೆ ಗಾಳಿ ಹೊಡೆದ್ರಾ ಅಪ್ಪ. ಹಿಂದಿನವಳಿಗೆ ದಾರಿ ಕಾಣುವುದಿಲ್ಲ ಎಂದೇ ಮುಂದಿನವರು ಎಲ್ಲವನ್ನೂ ಕೂಗಿ ಹೇಳಬೇಕು, ಗುಂಡಿ, ಕಲ್ಲು, ತಿರುವು, ಗೇಟು, ಕೂಗಿದ ಕೂಡಲೇ ನಾನು ಸೀಟಿನಿಂದ ತುಸು ಎದ್ದು ಮೈ ಹಗುರ ಮಾಡಿಕೊಳ್ಳಬೇಕು, ಕಣ್ಣು ನಂದು ಕಾಲು ನಿಂದು ಕಣೇ, ಅರ್ಧ ಸಂಸಾರ ಅಂದ್ರೆ ಇಷ್ಟೇ, ಅನ್ನುತ್ತಾರೆ ಇವರು— ಧಡ್! ಹಲ್ಲಿಗೆ ಹಲ್ಲು ಬಡಿಯಿತು, ಬೆನ್ನಿನ ಬುಡದಲ್ಲಿ ಚಳಕ್ ಅಂದಿತು, ಇಷ್ಟು ದೊಡ್ಡ ಗುಂಡಿ, ಕೂಗಲೇ ಇಲ್ಲ. ರೀ, ಹೇಳೋದಲ್ವಾ. ಅಯ್ಯೋ, ಹಕ್ಕಿ ನೋಡ್ತಿದ್ದೆ ಕಣೇ. ಯಾವ ಹಕ್ಕಿ. ಹಾರ್ಹೋಯ್ತು ಬಿಡು.

ಹೊಳೆಯ ಮೇಲೆ ಹಕ್ಕಿ ಇರಲಿಲ್ಲ, ನನಗೆ ಆ ಕಡೆ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ, ಹೋಗಲಿ, ಹಕ್ಕಿಯೂ ಚುರುಕಾಗಿತ್ತೇನೋ, ಬೆಳಿಗ್ಗೆ ಒಗೆದ ಬಟ್ಟೆ ಹೊರಗೇ ಇದೆ, ಮೋಡ ಬಂದರೆ ಮಗಳು ಎತ್ತುತ್ತಾಳೋ ಇಲ್ಲವೋ, ಎತ್ತುವುದಿಲ್ಲ, ಪಕ್ಕದ ಮನೆಯಲ್ಲಿ ಆಡುತ್ತಿರುತ್ತಾಳೆ. ಕೆಳಗೆ ಜಲ್ಲಿಪುಡಿ ಸರ್ ಅನ್ನುತ್ತಿದೆ, ಒಂದು ಕಾಲದಲ್ಲಿ ರೈಲು ಓಡುತ್ತಿದ್ದ ದಾರಿ, ಕಂಬಿ ಕಿತ್ತು ಪುಡಿ ಹಾಸಿ ಸೈಕಲ್ಲಿನವರಿಗೆ ಬಿಟ್ಟಿದ್ದಾರೆ, ಹಳೆಯ ನಿಲ್ದಾಣದ ಕಟ್ಟೆ ಹುಲ್ಲಿನೊಳಗೆ ಹಾಗೇ ಇದೆ, ಎರಡು ಕಡೆ ದಿಣ್ಣೆ, ನಡುವೆ ನೇರ ದಾರಿ, ರೈಲಿನ ಹಾಗೆಯೇ, ಹತ್ತಿದ ಮೇಲೆ ನಡುವೆ ಇಳಿಯುವ ಜಾಗವಿಲ್ಲ— ಗೇಟು! ಇವರು ಕೂಗಿದರು, ನಾನು ಎದ್ದೆ, ಉಸಿರು ಹಿಡಿದೆ, ಗಾಡಿ ನಿಧಾನವಾಯಿತು, ಇವರು ಅಭ್ಯಾಸದಂತೆ ತುಸು ಎಡಕ್ಕೆ ವಾಲಿ ಕಿಂಡಿಯಲ್ಲಿ ನುಸುಳುವ ಹಾಗೆ ನುಸುಳಿದರು, ಯಾವ ಗೇಟಿನ ಕಿಂಡಿ, ಎರಡು ಪಕ್ಕದಲ್ಲೂ ಹುಲ್ಲು, ಹುಲ್ಲೊಳಗೆ ಕಿತ್ತ ಕಂಬದ ಗುಳಿ, ಗೇಟು ತೆಗೆದು ಎಷ್ಟೋ ಕಾಲವಾದ ಹಾಗೆ ಗುಳಿಯ ತುಂಬ ಕಳೆ ಬೆಳೆದಿದೆ, ನಾವೂ ಈ ಕಡೆ ಬಂದು ಬಹಳ ದಿನವಾಗಿತ್ತು. ಇಲ್ಲದ ಗೇಟನ್ನು ದಾಟಿ ಬಂದೆವು. ಹಾಯಾಗಿ ದಾಟಿದ್ವಲ್ಲ, ಅಂದರು ಇವರು. ಹ್ಞೂಂ, ಅಂದೆ, ಬಾಯಿ ತಾನಾಗಿ ಅಂದುಬಿಟ್ಟಿತು, ಕೂತೆ, ಕಾಲು ಸುತ್ತುತ್ತಲೇ ಇದೆ, ಇರುವ ಗುಂಡಿ ಕೂಗಲಿಲ್ಲ, ಇಲ್ಲದ ಗೇಟು ಕೂಗಿದರು, ನೆನಪಿನ ಮೇಲೆ ಓಡಿಸುತ್ತಿದ್ದಾರೆ, ದೇವರೇ, ಇವರು ದಾರಿಯನ್ನು ನೋಡುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾರೆ.

ಬೆವರು ಬೆನ್ನಿನ ನಡುವಿಗೆ ಬಂತು. ಹೋದ ವಾರ ಇವರು ಲೋಟ ಬಿಟ್ಟು ಪಕ್ಕದಲ್ಲಿ ನೀರು ಸುರಿದದ್ದು, ಮೇಜಿನ ಮೇಲೆ, ನಾನು ಒರೆಸಿದೆ, ತಲೆ ಎಲ್ಲಿಟ್ಟಿದ್ದೀರಿ ಅಂತ ರೇಗಿದೆ ಕೂಡ, ಎದುರಂಗಡಿ ಬ್ರೆಡ್ಡಿನವನು ಏನಯ್ಯಾ, ಕೈ ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋಯ್ತು, ನೋಡಿದ್ರೂ ನೋಡ್ದೇ ಇರೋ ಹಾಗೆ ಹೋಗ್ತೀಯಲ್ಲ, ಯಾವಾಗ ಇಷ್ಟು ದೊಡ್ಡ ಮನುಷ್ಯ ಆದೆ ಅಂದ, ಇವರು ನಕ್ಕರು, ಸಾಲ ಕೇಳ್ತೀಯೇನೋ ಅಂತ ಹೆದರಿ ಓಡ್ದೆ ಮಾರಾಯ, ಎಲ್ಲರೂ ನಕ್ಕೆವು, ನಾನೂ ನಕ್ಕೆ. ಚಕ್ರದ ಸೊಟ್ಟ ತೆಗೆಯುವಾಗ ಈಗ ಬೆರಳಿನಿಂದ ಸವರಿ ಸವರಿ ನೋಡುತ್ತಾರೆ, ಗಿರಾಕಿಗಳು ಕೈಗುಣ ಅನ್ನುತ್ತಾರೆ. ನನ್ನನ್ನು ನೋಡುವಾಗಲೂ ಮುಖ ಬಿಟ್ಟು ಕಿವಿಯ ಪಕ್ಕ ನೋಡುತ್ತಾರೆ, ಏನ್ರೀ, ನನ್ನ ಹಿಂದೆ ಯಾರಿದ್ದಾರೆ, ಅಂತ ಒಮ್ಮೆ ನಾನು ತಿರುಗಿಯೂ ನೋಡಿದೆ, ಮಗಳಂತೂ ಕುಣಿದು ಕುಣಿದು ಅಪ್ಪಾ ನಾನ್ ಇಲ್ಲಿದ್ದೀನಿ, ಇಲ್ಲಿ ಇಲ್ಲಿ, ಅದೊಂದು ಆಟವೇ ಆಗಿಹೋಯಿತು ಅವರಿಬ್ಬರಿಗೆ. ಅಂಚು ಕಾಣುತ್ತದೆ ಇವರಿಗೆ, ಹೊಳೆ ಕಾಣುತ್ತದೆ, ಹೊಲ ಕಾಣುತ್ತದೆ, ಎರಡರ ನಡುವೆ ಗಾಡಿ ಇಟ್ಟುಕೊಂಡು ಬರುತ್ತಿದ್ದಾರೆ, ನಟ್ಟನಡುವೆ, ನೇರಕ್ಕೆ ನೋಡಿದಲ್ಲಿ ಮಾತ್ರ ಏನೋ ಅಳಿಸಿಹೋಗಿದೆ, ಅಲ್ಲೇ ನಾನಿದ್ದೆ ಇಷ್ಟು ದಿನ, ಅಲ್ಲೇ ಮಗಳಿದ್ದಳು. ಮುಂದಿನ ಭಾನುವಾರ ಈ ಸೀಟಿನಲ್ಲಿ ಅವಳೇ, ಮಾತು ಕೊಟ್ಟಾಗಿದೆ, ಅವಳ ಕಾಲಿಗೆ ಎಟುಕಲಿ ಅಂತ ಪೆಡಲಿಗೆ ಕಟ್ಟಲು ಮರದ ತುಂಡು ಕೊಯ್ದು, ಉಜ್ಜಿ, ಎಣ್ಣೆ ಸವರಿ ಒಣಗಲು ಇಟ್ಟಿದ್ದಾರೆ, ಅಮ್ಮ ನೀನು ಮನೇಲಿರು, ನಾನೂ ಅಪ್ಪನೂ ಸೇತುವೆ ದಾಟಿ ಹೋಗ್ತೀವಿ—

ಸೇತುವೆ. ಶಾಲೆಯವರ ಜೊತೆ ಇಲ್ಲಿಗೆ ನಡೆದುಕೊಂಡು ಬಂದಿದ್ದ ಮಗಳು ಮೊನ್ನೆ ಊಟದ ಹೊತ್ತಿಗೆ ಹೇಳಿದ್ದಳಲ್ಲ, ಸೇತುವೆ ಬಾಯಲ್ಲಿ ಕಂಬ ನೆಟ್ಟಿದ್ದಾರಮ್ಮಾ, ಸರಿಯಾಗಿ ಮಧ್ಯದಲ್ಲಿ, ಕಾರು ಬರಬಾರದು ಅಂತೆ, ಹಳದಿ ಬಣ್ಣ, ನಾವೆಲ್ಲ ಅದರ ಸುತ್ತ ಗಿರಕಿ ಹೊಡೆದ್ವಿ. ಇವರೂ ಇದ್ದರು, ತಲೆ ತಗ್ಗಿಸಿ ಉಣ್ಣುತ್ತಿದ್ದರು, ಕೇಳಿಸಿಕೊಂಡರೋ ಇಲ್ಲವೋ. ಹೊಳೆಯ ಸದ್ದು ಹತ್ತಿರವಾಯಿತು, ದಾರಿ ತುಸು ಇಳಿಜಾರು, ಬಗ್ಗಿ ನೋಡೋಣವೆಂದರೆ ಗಾಡಿ ವಾಲುತ್ತದೆ, ಅಲ್ಲಾಡ್ಬೇಡ ಕಣೇ, ಇಬ್ಬರೂ ಬೀಳ್ತೀವಿ, ಅಂದರು, ನೆಟ್ಟಗೆ ಕೂತೆ. ಈಗಲೇ ಹೇಳಿಬಿಡಲೇ, ಏನಂತ ಹೇಳಲಿ, ಇಳೀರಿ, ನಾನು ಮುಂದೆ ಕೂರ್ತೀನಿ ಅಂತಲೇ, ಒಂದೇ ಒಂದು ಸಲ ಇವರು ಕಂಬ ಅಂತ ಕೂಗಲಿ, ಸಾಕು, ನಾನು ಅಂದುಕೊಂಡದ್ದೆಲ್ಲ ಸುಳ್ಳಾಗಲಿ, ಮನೆಗೆ ಹೋಗಿ ಬಟ್ಟೆ ಮಡಿಸುತ್ತೇನೆ, ಮಗಳನ್ನು ಕಳಿಸುತ್ತೇನೆ, ಕೂಗಿ, ಕೂಗಿ ರೀ— ಇವರು ಸಿಳ್ಳೆ ಹಾಕುತ್ತಿದ್ದಾರೆ. ಬೆನ್ನು, ಬೆನ್ನಿನ ಮೇಲೆ ಕಪ್ಪು, ಕಪ್ಪು ಸೊಂಟಕ್ಕೆ ಇಳಿಯಿತು, ಸೇತುವೆಯ ಪಕ್ಕದ ಕಬ್ಬಿಣದ ಕಂಬಿಯ ತುದಿ ಎಡಗಣ್ಣಿನ ಅಂಚಿಗೆ ಬಂತು, ಇನ್ನೂ ಸಿಳ್ಳೆ, ನಿನ್ನ ಕಾಲು ನಿಂತ್ರೆ ನಾನು ಬ್ರೇಕ್ ಹಿಡೀತೀನಿ, ಯಾಕೆ ಏನು ಅಂತ ಆಮೇಲೆ ಕೇಳ್ತೀನಿ, ಮೊದಲ ದಿನವೇ ಇವರು ಹೇಳಿದ್ದರು, ಅದು ನಮ್ಮ ಒಪ್ಪಂದ, ಕಾಲು ನಿಲ್ಲಿಸಿದೆ. ಇಡೀ ಮೈಯ ಭಾರ ಬಿಟ್ಟು ನಿಲ್ಲಿಸಿದೆ. ಬ್ರೇಕ್ ಕಿರುಚಿತು, ಚಕ್ರ ಜಲ್ಲಿಯಲ್ಲಿ ಜಾರಿ, ಗಾಡಿ ನಿಂತಿತು. ಏನಾಯ್ತೇ, ಚಪ್ಪಲಿ ಜಾರ್ತಾ. ಇಲ್ಲ. ಮತ್ಯಾಕೆ ನಿಲ್ಲಿಸ್ದೆ, ದಾರಿ ಖಾಲಿ ಇದೆಯಲ್ಲ.

ಕಾಲು ನೆಲಕ್ಕೆ ಊರಿ ಪಕ್ಕಕ್ಕೆ ಬಗ್ಗಿದೆ, ಈಗ ಬಗ್ಗಬಹುದು, ಮುಂದಿನ ಚಕ್ರದ ಎದುರಿಗೇ, ಒಂದು ಗೇಣಿನ ಆಚೆ, ಸೊಂಟದೆತ್ತರಕ್ಕೆ ಕಂಬ ನಿಂತಿದೆ, ಬಿಸಿಲಿಗೆ ಕಣ್ಣು ಚುಚ್ಚುವ ಹಾಗೆ. ಖಾಲಿ ಇದೆ, ಹೋಗೋಣ, ಅನ್ನುತ್ತ ಇವರು ನೆಲವನ್ನು ಒಂದು ಕಾಲಿನಿಂದ ಹಿಂದಕ್ಕೆ ತಳ್ಳಿದರು. ಟಣ್. ಗಾಡಿ ತುಸು ಹಿಂದೆ ಬಂತು. ಮತ್ತೆ ಮೆಲ್ಲಗೆ ತಳ್ಳಿದರು, ಟಣ್, ಈ ಸಲ ಕೇಳುವುದಕ್ಕೆಂದೇ ತಳ್ಳಿದ್ದು. ಸಿಳ್ಳೆ ಇಲ್ಲ, ಹೊಳೆ ಮಾತ್ರ. ಹಳದೀನಾ, ಅಂದರು. ನಾನು ಹೌದು ಅಂದೆ. ಹಳದಿ ಅಂದಿದ್ಲು, ಅಂದರು. ಭಾನುವಾರ ಅವಳು ಬರೋದು ಬೇಡ ರೀ, ಅಂದೆ, ಎಷ್ಟು ಮೆತ್ತಗೆ ಅನ್ನಲು ಬರುತ್ತದೋ ಅಷ್ಟು ಮೆತ್ತಗೆ. ಇವರು ಇಳಿಯಲಿಲ್ಲ, ಹ್ಯಾಂಡಲ್ ಬಿಡಲೂ ಇಲ್ಲ, ತಿರುಗಿ ನೋಡಿದರೆ ನನ್ನ ಮುಖ ಎಲ್ಲಿರುತ್ತದೋ ಅಲ್ಲಿ ಇವರ ಕಣ್ಣಿಗೆ ನಾನಿರುವುದಿಲ್ಲ, ಅದಕ್ಕೇ ತಿರುಗುವುದಿಲ್ಲ, ಬೆನ್ನು, ಒದ್ದೆ ಅಂಗಿ ಅಂಟಿದ ಬೆನ್ನು, ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಬೆನ್ನು—