ವೈಜನಾಥರಿಗೆ ಪತ್ರಿಕೆ

ಗಡಿಯಂಚಿನ ಉಮರ್ಗಾ ತಾಲೂಕಿನ ನಮ್ಮ ಕೆರೆಯ ಪಕ್ಷಿಧಾಮ ಬೇಸಿಗೆಯಲ್ಲಿ ಹೊರಗಿನವರಿಗೆ ಮುಚ್ಚಿರುತ್ತದೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಕಾಲ ಅದು. ಏಪ್ರಿಲ್‌ನಲ್ಲಿ ಒಂದೇ ಒಂದು ಭಾನುವಾರ ಬೆಳಿಗ್ಗೆ, ಹಕ್ಕಿ ಎಣಿಸಲು ಊರವರನ್ನು ಒಳಗೆ ಬಿಡುತ್ತಾರೆ. ಅವರನ್ನು ಕರೆದುಕೊಂಡು ಹೋಗುವ ಹೊಣೆ ನನ್ನದು. ನಾನು ಶಂಕರಯ್ಯ, ಮನೆಮನೆಗೆ ಹೋಗಿ ಪೂಜೆ ಮಾಡುವ ಅಯ್ಯ. ಬೇಲಿಯೊಳಗೆ ಕಾಲಿಟ್ಟರೆ ಮಾತ್ರ ನಾನು ಅಯ್ಯನಲ್ಲ, ಫೌಜದಾರ.

ಈ ಸಲ ಹನ್ನೊಂದು ಮಂದಿ ಬಂದಿದ್ದರು. ನಿಲಂಗಾದ ಕಾಲೇಜಿನಲ್ಲಿ ಕಲಿಸುವ ನಿಲೇಶ ಅವರು ಫೋಟೊಕ್ಕಾಗಿ ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟಿದ್ದಕ್ಕೆ ಎಲ್ಲರೆದುರು ಅವರ ನೀರಿಳಿಸಿದ್ದೆ. ಕೊನೆಯಲ್ಲಿ ಬರುತ್ತಿದ್ದ ಮುದುಕಿ ಮಾತ್ರ ಒಂದು ಹಕ್ಕಿಯನ್ನೂ ನೋಡುತ್ತಿರಲಿಲ್ಲ. ಯೆಣೆಗೂರಿನ ಲಲಿತಾಬಾಯಿ. ದುರ್ಬೀನು ಇಲ್ಲ, ಎದೆಗವಚಿಕೊಂಡ ಒಂದು ಬಟ್ಟೆಚೀಲ ಅಷ್ಟೇ.

“ಏನ್ ನೋಡ್ಲಾಕ ಬಂದೀರಿ ತಾಯಿ?” ಎಂದೆ, ಸ್ವಲ್ಪ ಗಡುಸಾಗಿಯೇ.

“ಸುಳ್ಳ್ ಹೇಳಂಗಿಲ್ರಿ ಅಯ್ನೋರೆ. ಹಕ್ಕಿ ನೋಡ್ಲಾಕ ಬಂದಿಲ್ಲ. ನಮ್ಮ ಮಾಲಕ್ರ ಗೋರಿ ಅಲ್ಲಿ ಅದ, ಆ ಬೇವಿನ ಗಿಡದ ಬಾಜೂಕ.”

ಗಂಡನ ಗೋರಿಗೆಂದು ತಂದಿದ್ದ ಚೀಲ ಬಿಚ್ಚಿ ತೋರಿಸಿದರು. ವಿಭೂತಿ, ಬಿಲ್ವಪತ್ರಿ, ಮೂಲೆಗೆ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ. ಮೊಮ್ಮಗಳು ಪ್ರಾಜಕ್ತಾಳ ಮದುವೆಗೆ ಇನ್ನು ಹನ್ನೆರಡೇ ದಿನ. ಮಣ್ಣಾದ ಹಿರಿಯರ ಗೋರಿಗೆ ಪತ್ರಿಕೆ ಇಡದೆ ಬೇರೆ ಯಾರ ಮನೆಗೂ ಹಂಚುವ ಪದ್ಧತಿ ಅವರ ಮನೆತನದಲ್ಲಿಲ್ಲ. ಗೋರಿ ಇದ್ದ ಅವರ ಹೊಲ ಕಳೆದ ವರ್ಷ ಪಕ್ಷಿಧಾಮಕ್ಕೆ ಸೇರಿ ತಂತಿಬೇಲಿ ಬಿದ್ದಿತ್ತು. ಎರಡು ಸಲ ಬೇಲಿಯ ತನಕ ಬಂದು ತಿರುಗಿ ಹೋಗಿದ್ದರಂತೆ. ಮನೆಯಲ್ಲಿ ಪತ್ರಿಕೆಗಳು ಕಟ್ಟು ಬಿಚ್ಚದೆ ಕೂತಿದ್ದವು.

“ನಾಕ್ ವರ್ಷದ ಹಿಂದ ಅವರ್ನ ಮಣ್ಣ ಮಾಡಿದೋರು ನೀವೇ. ನೆನಪದೇನ್ರಿ?”

ನೆನಪಿರಲಿಲ್ಲ. ಮಣ್ಣು ಮಾಡುವಾಗ ನಮ್ಮ ಪದ್ಧತಿಯಂತೆ, ಗುಂಡಿಯಲ್ಲಿ ಕುಳ್ಳಿರಿಸಿದವರ ತಲೆಯ ಮೇಲೆ ಪಾದವಿಟ್ಟು ಬೀಳ್ಕೊಡುತ್ತೇನೆ, ಮನೆಗೆ ಬಂದು ಉಣ್ಣುತ್ತೇನೆ. ಯಾವ ಹಕ್ಕಿ ಯಾವ ವರ್ಷ ಎಲ್ಲಿ ಮರಿ ಮಾಡಿತ್ತು ಕೇಳಿ, ಹೇಳಬಲ್ಲೆ. ನನ್ನ ಪಾದ ಹೊತ್ತ ತಲೆ ಯಾರದೆಂದು ಹೇಳಲಾರೆ. ನಾಚಿಕೆಯಿಂದ ಕುಗ್ಗಿಹೋದೆ.

“ಬರ್ರಿ,” ಎಂದು ನಾನೇ ಮೊದಲು ಕಾಲುದಾರಿ ಬಿಟ್ಟು ಇಳಿದೆ. ನಿಲೇಶ ಅವರು ಕಣ್ಣರಳಿಸಿ ನೋಡಿದರು.

ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಬೇವಿನ ಬುಡದ ಕಡೆಯಿಂದ ನಾವು ಟಿಟವಿ ಅನ್ನುವ ಟಿಟ್ಟಿಭ ಹಕ್ಕಿಯೊಂದು ಎದ್ದು, ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿತು. ನಿಂತು ದುರ್ಬೀನು ಹಿಡಿದೆ. ಗೋರಿಯ ಮೇಲೆಯೇ, ಹರಳುಗಳ ನಡುವೆ, ಮಣ್ಣುಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಬಿಸಿಲೇರುತ್ತಿತ್ತು. ತಾಯಿಹಕ್ಕಿ ತುಸು ಹೊತ್ತು ದೂರ ಉಳಿದರೂ ಮೊಟ್ಟೆ ಕಾದು ಹಾಳಾಗುತ್ತವೆ. ಬೇವಿನ ಮೇಲೆ ಕಾಗೆ ಬೇರೆ ಕೂತಿತ್ತು. ಬೆಳಗಿನಿಂದ ಎಲ್ಲರಿಗೂ ಬುದ್ಧಿ ಹೇಳಿದ ನಾನು ಈಗ ದುರ್ಬೀನನ್ನು ಆ ತಾಯಿಯ ಕೈಗೆ ಕೊಟ್ಟೆ.

ಲಲಿತಾಬಾಯಿ ಬಹಳ ಹೊತ್ತು ನೋಡಿದರು.

“ಬಾಣಂತಿನ ಎಬ್ಬಸಬಾರ್ದ್ರಿ,” ಎಂದರು. “ನಡೀರಿ, ಹಿಂದ ಸರಿಯೋಣು.”

ದಾರಿಗೆ ಮರಳಿದೆವು. ಟಿಟವಿ ಇಳಿದು, ನಾಲ್ಕು ಹೆಜ್ಜೆ ಓಡಿ ನಿಂತು, ಮತ್ತೆ ಓಡಿ, ಮೊಟ್ಟೆಗಳ ಮೇಲೆ ಕೂತಿತು. ಪತ್ರಿಕೆ ಲಲಿತಾಬಾಯಿಯ ಕೈಯಲ್ಲೇ ಉಳಿಯಿತು.

“ಪತ್ರಿಕಾ ಮುಟ್ಟಲಿಲ್ಲಂದ್ರ ಮಾಲಕ್ರು ಸಿಟ್ಟಾಗ್ತಾರೇನ್ರಿ ಅಯ್ನೋರೆ?” ಅಯ್ಯನ ಬಾಯಿಂದ ಶಾಸ್ತ್ರದ ಮಾತು ಬೇಕಾಗಿತ್ತು ಅವರಿಗೆ. ನಾನು ಪತ್ರಿಕೆಗೆ ಕೈ ಚಾಚಿದೆ.

“ಕೊಡ್ರಿ ಇಲ್ಲಿ. ಇಲ್ಲಿಂದೇ ಓದಿ ಹೇಳ್ತೀನಿ.”

ಮಂತ್ರ ಹೇಳಿ ಪಳಗಿದ ಗಂಟಲು ನನ್ನದು, ಕೂಗದೆಯೂ ದೂರ ಹೋಗುತ್ತದೆ. ಪತ್ರಿಕೆ ಮರಾಠಿಯಲ್ಲಿತ್ತು. ಒಂದೊಂದು ಸಾಲು ಓದಿ, ಅದನ್ನೇ ಕನ್ನಡದಲ್ಲಿ ಹೇಳಿದೆ. ಅವರ ಮನೆಯ ಮಾತು ಕನ್ನಡ. ದಿನ ಹೇಳಿದೆ, ಮುಹೂರ್ತ ಹೇಳಿದೆ. ‘ಕೈಲಾಸವಾಸಿ ವೈಜನಾಥ ಅವರ ಮೊಮ್ಮಗಳು’ ಎಂಬಲ್ಲಿ ನಿಂತೆ. ಆ ಹೆಸರನ್ನು ಇನ್ನೊಮ್ಮೆ ಓದಿದೆ. ಉಳಿದವರೆಲ್ಲ ದುರ್ಬೀನು ಇಳಿಸಿ ನಿಂತಿದ್ದರು.

ಲಲಿತಾಬಾಯಿ ಸೆರಗು ತಲೆಗೆಳೆದುಕೊಂಡು ಗೋರಿಯ ಕಡೆ ತಿರುಗಿದರು.

“ಕೇಳ್ದ್ರಿಲ್ಲ? ನಿಮ್ಮ ಪ್ರಾಜಕ್ತಾನ ಲಗ್ನ ಅದ. ನಿಮಗ ಬರ್ಲಾಕ ಆಗಂಗಿಲ್ಲ, ನನಗ ಗೊತ್ತದ. ಕರಿಯೂದು ನನ್ನ ಕೆಲಸ. ಕರ್ದೀನಿ.”

ಅಷ್ಟು ಹೇಳಿ ದಾರಿಯ ಮೇಲೆಯೇ ಕೂತು ಅತ್ತರು. ನಾನೂ ಅವರ ಪಕ್ಕದಲ್ಲಿ ಮಣ್ಣಿನಲ್ಲಿ ಕೂತೆ.